ಹಾಲಿನ ಲೆಕ್ಕ, ಹೊತ್ತಿನ ಲೆಕ್ಕ

ಹಳೆಯ ಹಿಂದಿ ಸಿನಿಮಾಗಳಲ್ಲಿ ಹೀರೋ ವಿಲನ್‌ಗೆ ಸವಾಲು ಹಾಕುವುದು ತಾಯಿಯ ಹಾಲಿನ ಹೆಸರಿನಲ್ಲಿ. ನಮ್ಮ ಕನ್ನಡ ಸಿನಿಮಾಗಳೂ ಹಿಂದೆ ಬಿದ್ದಿಲ್ಲ, ಊರಿನ ಕಟ್ಟೆ ಜಗಳಗಳೂ ಅಷ್ಟೇ. ಗಂಡಸಿನ ಧೈರ್ಯಕ್ಕೂ ಅವನ ಅವ್ವನ ಎದೆಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಸಂಬಂಧ ಇದ್ದೇ ಇದೆ ಎಂದು ಎಲ್ಲರೂ ಒಪ್ಪಿಕೊಂಡಾಗಿದೆ. ಕೆಟ್ಟವನಾದರೆ ಯಾರ ಹಾಲು ಕುಡಿದನೋ ಅನ್ನುತ್ತೇವೆ. ಒಳ್ಳೆಯವನಾದರೆ ಹೆತ್ತ ಹೊಟ್ಟೆ ತಣ್ಣಗಿರಲಿ ಅನ್ನುತ್ತೇವೆ. ಹೀಗೆ ನಮ್ಮಲ್ಲಿ ಎದೆಹಾಲು ಮಗುವಿನ ಆಹಾರವಾಗುವುದಕ್ಕಿಂತ ಮೊದಲೇ ತಾಯಿಯ ನಡತೆಯ ಸರ್ಟಿಫಿಕೇಟ್ ಆಗಿಬಿಟ್ಟಿರುತ್ತದೆ.

ಈ ಅಭ್ಯಾಸ ಒಬ್ಬೊಬ್ಬ ತಾಯಿಯ ವಿಷಯದಲ್ಲಿ ನಿಲ್ಲುವುದಿಲ್ಲ. ಯಾವ ಗುಂಪಿನ ಹೆಂಗಸರು ಎಷ್ಟು ತಿಂಗಳು ಹಾಲೂಡಿಸುತ್ತಾರೆ ಎಂಬ ಅಂಕಿಸಂಖ್ಯೆ ಕೈಗೆ ಸಿಕ್ಕರೆ ಅದನ್ನೂ ನಡತೆಯ ಪಟ್ಟಿಯ ಹಾಗೆಯೇ ಓದುತ್ತೇವೆ. ನಮ್ಮ ಬಳಗದಲ್ಲಿ ಎರಡು ಮಾತು ಪದೇಪದೇ ಕೇಳುತ್ತೇನೆ. ಒಂದು, ಓದಿದ ಹೆಂಗಸರಿಗೆ ಮೈಕಟ್ಟು ಮುಖ್ಯ, ಆಫೀಸು ಮುಖ್ಯ, ಅದಕ್ಕೇ ಡಬ್ಬಿ ಹಾಲು. ಹಳ್ಳಿಯವರನ್ನು ನೋಡಿ ಕಲಿಯಬೇಕು. ಇನ್ನೊಂದು ಇದಕ್ಕೆ ತದ್ವಿರುದ್ಧ: ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಗಿಣ್ಣುಹಾಲು ಹಿಂಡಿ ಚೆಲ್ಲುತ್ತಾರೆ, ಕೂಸಿಗೆ ಜೇನುತುಪ್ಪ ನೆಕ್ಕಿಸುತ್ತಾರೆ. ಎರಡೂ ಮಾತು ಒಂದೇ ಬಾಯಲ್ಲಿ ಒಂದೇ ಮಧ್ಯಾಹ್ನ ಬರುವುದುಂಟು. ಎರಡರಲ್ಲೂ ತಪ್ಪಿತಸ್ಥೆ ತಾಯಿಯೇ.

ಅಂಕಿಗಳು ಏನು ಹೇಳುತ್ತವೆ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲು ಬಿಟ್ಟು ಬೇರೇನೂ ಕುಡಿಯದವರು ನೂರಕ್ಕೆ 46. 2015-16ರಲ್ಲಿ ಅದು 55 ಆಯಿತು, 2019-21ರಲ್ಲಿ 64. ಇದು ಏರಿಕೆ, ಸಂತೋಷ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳ ಪ್ರಮಾಣ ಕೊನೆಯ ಎರಡೂ ಸಮೀಕ್ಷೆಗಳಲ್ಲಿ 42ರ ಆಸುಪಾಸಿನಲ್ಲೇ ನಿಂತಿದೆ. ಇದೇ ಅವಧಿಯಲ್ಲಿ ಆಸ್ಪತ್ರೆಯ ಹೆರಿಗೆ ನೂರಕ್ಕೆ 79ರಿಂದ 89ಕ್ಕೆ ಏರಿತ್ತು. ಆಸ್ಪತ್ರೆಗೆ ಹೋದವರು ಹೆಚ್ಚಾದರು, ಮೊದಲ ಗಂಟೆಯ ಹಾಲು ಮಾತ್ರ ಹೆಚ್ಚಲಿಲ್ಲ. ಕೊನೆಯ ಸಮೀಕ್ಷೆಯಲ್ಲಿ ಖಾಸಗಿ ಆಸ್ಪತ್ರೆಯ ಹೆರಿಗೆಗಳಲ್ಲಿ 47 ಭಾಗ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14. ಹೊಲಿಗೆ ಹಾಕಿಸಿಕೊಂಡು ಮಲಗಿದ ತಾಯಿಯ ಪಕ್ಕಕ್ಕೆ ಕೂಸನ್ನು ಯಾರಾದರೂ ತಂದು ಹಿಡಿಯಬೇಕು, ಒಬ್ಬ ನರ್ಸ್ ಅರ್ಧ ಗಂಟೆ ನಿಲ್ಲಬೇಕು. ಅಂಥವರು ಇಲ್ಲದಿದ್ದರೆ ಮೊದಲ ಗಂಟೆ ಕಳೆದುಹೋಗುತ್ತದೆ. ಇದರಲ್ಲಿ ತಾಯಿಯ ತಿಳಿವಳಿಕೆಯ ಪಾಲು ಎಷ್ಟು, ವಾರ್ಡಿನ ವ್ಯವಸ್ಥೆಯ ಪಾಲು ಎಷ್ಟು?

ಇಂಥ ಲೆಕ್ಕವನ್ನು ಮೈಬಣ್ಣದ ಪ್ರಕಾರ ವರ್ಷ ವರ್ಷವೂ ಇಡುವ ದೇಶ ಅಮೆರಿಕ. ನಮ್ಮ ಅಣ್ಣ ತಮ್ಮಂದಿರು, ಸಹಪಾಠಿಗಳು ಅಲ್ಲಿ ಇರುವುದರಿಂದ ಅಲ್ಲಿನ ಮಾತುಗಳೂ ನಮ್ಮ ಹರಟೆಗೆ ಬರುತ್ತವೆ. ಇತ್ತೀಚಿನ ಲೆಕ್ಕದಲ್ಲಿ ಒಮ್ಮೆಯಾದರೂ ಎದೆಹಾಲು ಕುಡಿದ ಮಕ್ಕಳು ಬಿಳಿಯರಲ್ಲಿ ನೂರಕ್ಕೆ ಸುಮಾರು 85, ಏಷ್ಯಾ ಮೂಲದವರಲ್ಲಿ ಸುಮಾರು 90, ಕಪ್ಪು ಜನರಲ್ಲಿ ಸುಮಾರು 74. ಇದನ್ನು ಓದಿ 'ನಮ್ಮ ಸಂಸ್ಕೃತಿಯೇ ಹಾಗೆ' ಎಂದು ಎದೆಯುಬ್ಬಿಸಿದ ಒಬ್ಬರನ್ನು ಬಲ್ಲೆ. ಅವರು ಇತಿಹಾಸದ ಒಂದು ಪುಟ ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಂಗಸರು ಒಡೆಯರ ಮಕ್ಕಳಿಗೆ ಹಾಲೂಡಿಸಬೇಕಿತ್ತು. ಅವರ ಸ್ವಂತ ಕೂಸಿಗೆ ಉಳಿದದ್ದು ಸಿಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಹಾಲೂಡಿಸುವುದರಲ್ಲಿ ಅವರು ಬಿಳಿಯರಿಗಿಂತ ಹಿಂದಿರಲಿಲ್ಲ. ಬಾಟಲಿಯ ಫ್ಯಾಷನ್ ಶುರುಮಾಡಿದವರು ಅನುಕೂಲಸ್ಥ ಬಿಳಿ ಹೆಂಗಸರು. 1970ರ ಆಸುಪಾಸಿಗೆ ಇಡೀ ದೇಶದಲ್ಲಿ ನಾಲ್ವರಲ್ಲಿ ಒಬ್ಬ ತಾಯಿ ಮಾತ್ರ ಹಾಲೂಡಿಸಲು ತೊಡಗುತ್ತಿದ್ದಳು. ಆಮೇಲೆ ಎದೆಹಾಲಿಗೆ ಮೊದಲು ಮರಳಿದವರೂ ಆ ಅನುಕೂಲಸ್ಥರೇ.

1946ರಲ್ಲಿ ಉತ್ತರ ಕೆರೊಲಿನಾದ ಒಂದು ಬಡ ಗೇಣಿದಾರರ ಮನೆಯಲ್ಲಿ ಒಂದೇ ಹೆರಿಗೆಗೆ ನಾಲ್ಕು ಹೆಣ್ಣುಮಕ್ಕಳು ಹುಟ್ಟಿದರು, ಫಲ್ಟ್ಸ್ ಸಹೋದರಿಯರು. ಹೆರಿಗೆ ಮಾಡಿಸಿದ ಬಿಳಿ ಡಾಕ್ಟರ್ ಆ ಮಕ್ಕಳಿಗೆ ತನ್ನ ಮನೆಯವರ ಹೆಸರಿಟ್ಟ. ಪೆಟ್ ಮಿಲ್ಕ್ ಎಂಬ ಡಬ್ಬಿ ಹಾಲಿನ ಕಂಪನಿಯ ಜೊತೆ ಒಪ್ಪಂದವನ್ನೂ ಕುದುರಿಸಿದ. ಕಪ್ಪು ತಾಯಂದಿರಿಗೆ ಡಬ್ಬಿ ಹಾಲು ಮಾರಲು ಆ ನಾಲ್ವರ ಮುದ್ದು ಮುಖಗಳು ಪತ್ರಿಕೆಗಳ ಜಾಹೀರಾತಿನಲ್ಲಿ ಬಂದವು. ಹೆರಿಗೆಯಾದ ಮೇಲೆ ಸಂಬಳ ಸಹಿತ ರಜೆ ಕೊಡಬೇಕೆಂಬ ರಾಷ್ಟ್ರಮಟ್ಟದ ಕಾನೂನು ಆ ದೇಶದಲ್ಲಿ ಇವತ್ತಿಗೂ ಇಲ್ಲ. 1993ರ ಕಾನೂನು ಕೊಟ್ಟದ್ದು 12 ವಾರಗಳ ಸಂಬಳವಿಲ್ಲದ ರಜೆ, ಅದೂ ಎಲ್ಲರಿಗಲ್ಲ. ಸಂಬಳವಿಲ್ಲದ ರಜೆ ಯಾರಿಗೆ ತಾಳುತ್ತದೆ? ಹಾಲಿನ ಗುಣ ರಕ್ತದಲ್ಲಿ ಇದ್ದಿದ್ದರೆ ನೂರು ವರ್ಷದೊಳಗೆ ಅದು ತಿರುವುಮುರುವಾಗುತ್ತಿರಲಿಲ್ಲ. ಬದಲಾದದ್ದು ಯಾರ ದಿನದ ಎಷ್ಟು ಗಂಟೆ ಯಾರ ಕೈಯಲ್ಲಿದೆ ಎಂಬುದು. ಬಣ್ಣದ ಅಂತರ ಎಂದು ಕಾಣುವುದರ ಬಹುಪಾಲು ಹೊತ್ತಿನ ಅಂತರ ಎಂದು ನನಗೆ ತೋರುತ್ತದೆ.

ಈ ಮಾತಿಗೆ ಅಮೆರಿಕದವರೆಗೆ ಹೋಗಲೇಬೇಕೆಂದಿಲ್ಲ. ನಾನು ದಿನವೂ ಠಾಣೆಯಲ್ಲಿ ಲೋಕಲ್ ಹತ್ತಿ ಕರಿ ರೋಡ್‌ನಲ್ಲಿ ಇಳಿದು ಲೋವರ್ ಪರೇಲ್‌ನ ಆಫೀಸಿಗೆ ನಡೆದು ಹೋಗುತ್ತೇನೆ. ಗಾಜಿನ ಕಟ್ಟಡ, ನೂರು ವರ್ಷದ ಹಿಂದೆ ಈ ಸುತ್ತೆಲ್ಲ ಬಟ್ಟೆ ಮಿಲ್ಲುಗಳು. ಅಲ್ಲಲ್ಲಿ ಒಂದೊಂದು ಚಿಮಣಿ ಇನ್ನೂ ನಿಂತಿದೆ. ಆ ಮಿಲ್ಲುಗಳಲ್ಲಿ ನೂಲು ಸುತ್ತುತ್ತಿದ್ದ ಹೆಂಗಸರು ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ಕೂಸಿನ ಮುಖ ನೋಡುವಂತಿರಲಿಲ್ಲ. ಕೂಸು ಹಸಿದು ಅತ್ತರೆ ಯಾರು ನೋಡಬೇಕು? ಅದಕ್ಕೊಂದು ಉಪಾಯವಿತ್ತು, ಬಾಲಗೋಳಿ. ಅಫೀಮು ಬೆರೆಸಿದ ಸಣ್ಣ ಗುಳಿಗೆ. ಕೊಟ್ಟರೆ ಕೂಸು ತಾಯಿ ಬರುವವರೆಗೆ ಮಲಗಿರುತ್ತಿತ್ತು. 1922ರಲ್ಲಿ ಮಿಲ್ ಹೆಂಗಸರ ಸ್ಥಿತಿಯನ್ನು ಸರ್ಕಾರಕ್ಕಾಗಿ ಅಭ್ಯಾಸ ಮಾಡಿದ ಡಾ. ಬಾರ್ನ್ಸ್, ಈ ಕೂಸುಗಳಲ್ಲಿ ಬಹುಪಾಲು ಅಫೀಮಿನ ಮೇಲೆಯೇ ಇವೆ ಎಂದು ಕಂಡುಕೊಂಡರು. ಅದರ ಹಿಂದಿನ ವರ್ಷ, 1921ರಲ್ಲಿ, ಮುಂಬಯಿಯ ಶಿಶುಮರಣದ ದಾಖಲೆ ಸಾವಿರಕ್ಕೆ 600ನ್ನೂ ದಾಟಿತ್ತು. ಊರಿಗೆ ಹೋಗಿ ಹೆತ್ತು ಬರುವವರು ಹೆಚ್ಚಾಗಿದ್ದರಿಂದ ಹುಟ್ಟು ಇಲ್ಲಿ ದಾಖಲಾಗದೆ ಸಾವು ಮಾತ್ರ ದಾಖಲಾಗುತ್ತಿತ್ತು, ಹಾಗಾಗಿ ಆ ಅಂಕಿ ಉಬ್ಬಿದ್ದೇ ಹೌದು. ಅಷ್ಟನ್ನು ಕಳೆದ ಮೇಲೆ ಉಳಿಯುವುದೂ ಸಣ್ಣದಲ್ಲ.

ಆ ತಾಯಂದಿರನ್ನು ಏನೆನ್ನಬೇಕು? ಕೂಸಿಗೆ ಅಫೀಮು ತಿನ್ನಿಸಿದ ಕಟುಕರು ಎಂದು ಆ ಕಾಲದಲ್ಲೂ ಅಂದವರಿದ್ದರು. ಬೇರೊಂದು ಪ್ರಶ್ನೆ ಕೇಳಿದವರೂ ಇದ್ದರು. 1928ರ ಜುಲೈನಲ್ಲಿ ಮುಂಬಯಿ ಶಾಸನಸಭೆಯ ಮುಂದೆ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅದರ ಪರವಾಗಿ ಮಾತಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಹೆರಿಗೆಯ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಆದ್ದರಿಂದ ಅದರ ಖರ್ಚಿನ ಬಹುಭಾಗ ಸರ್ಕಾರವೇ ಹೊರಬೇಕು. ಅಲ್ಲಿಯವರೆಗೆ, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕರು ತಮ್ಮ ಪಾಲು ಕೊಡದೆ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅವರ ವಾದದ ತಿರುಳು. ಮಸೂದೆ 1929ರಲ್ಲಿ ಕಾನೂನಾಯಿತು. ದೇಶದಲ್ಲೇ ಇಂಥ ಮೊದಲನೆಯದು. ಆದರೆ ಖರ್ಚು ಬಿದ್ದದ್ದು ಮಾಲೀಕರ ಮೇಲೆ ಮಾತ್ರ. ಮುಂದಿನ ದಶಕಗಳಲ್ಲಿ ಮಿಲ್ಲುಗಳಲ್ಲಿ ಹೆಂಗಸರ ಸಂಖ್ಯೆ ಇಳಿಯುತ್ತಾ ಹೋಯಿತು. ಕಾರಣಗಳು ಹಲವು, ಹೆಂಗಸರನ್ನು ಇಟ್ಟುಕೊಂಡರೆ ಖರ್ಚು ಎಂಬ ಲೆಕ್ಕವೂ ಅದರಲ್ಲೊಂದು.

ನನಗೆ ಮುಖ್ಯವಾಗಿ ಕಾಣುವುದು ಅಂಬೇಡ್ಕರ್ ಪ್ರಶ್ನೆಯನ್ನು ತಿರುಗಿಸಿದ ರೀತಿ. 'ತಾಯಿ ಯಾಕೆ ಹಾಲೂಡಿಸುತ್ತಿಲ್ಲ' ಎಂದು ಕೇಳಿದರೆ ಉತ್ತರ ಕೊಡಬೇಕಾದವಳು ತಾಯಿ. 'ಅವಳ ಹೊತ್ತಿನ ಖರ್ಚು ಯಾರದು' ಎಂದು ಕೇಳಿದರೆ ಉತ್ತರ ಕೊಡಬೇಕಾದವರು ನಾವೆಲ್ಲ.

ಹಾಗೆಂದು ಡಬ್ಬಿ ಹಾಲನ್ನು ವಿಷವೆನ್ನುವ ಜಾತಿಗೆ ನಾನು ಸೇರಿದವಳಲ್ಲ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು, ಅದು ಆನಂದ್‌ನ ಅಮುಲ್‌ಗೆ ಹೋಯಿತು. ಎಮ್ಮೆ ಹಾಲಿನಿಂದ ಆಗದು ಎಂಬ ಮಾತಿದ್ದ ಕಾಲದಲ್ಲಿ ಅದು ಹೆಮ್ಮೆಯ ಸಾಧನೆ. ತಾಯಿ ತೀರಿಕೊಂಡ ಕೂಸು, ದತ್ತು ಬಂದ ಕೂಸು, ಹಾಲು ಬಾರದ ತಾಯಿ, ಔಷಧಿ ತೆಗೆದುಕೊಳ್ಳುತ್ತಿರುವ ತಾಯಿ, ಇವರೆಲ್ಲರ ಮನೆಯಲ್ಲಿ ಆ ಡಬ್ಬಿ ಪ್ರಾಣ ಉಳಿಸಿದೆ. ತನಗೆ ಊಡಿಸಲು ಆಗದು ಎಂದು ಒಬ್ಬ ಹೆಂಗಸು ಹೇಳಿದರೆ ಕಾರಣ ಕೇಳುವ ಹಕ್ಕು ನೆರೆಮನೆಯವರಿಗೆ ಇಲ್ಲ. ತಕರಾರು ಇರುವುದು ಊಡಿಸಬಲ್ಲವಳಿಗೆ, ಊಡಿಸಲು ಬಯಸುವವಳಿಗೆ ಬೇರೆ ದಾರಿ ಇಲ್ಲದಂತೆ ಮಾಡುವುದರ ಬಗ್ಗೆ. 1981ರಲ್ಲಿ ಶಿಶು ಆಹಾರದ ಮಾರಾಟಕ್ಕೆ ಲಗಾಮು ಹಾಕುವ ಸಂಹಿತೆ ವಿಶ್ವ ಆರೋಗ್ಯ ಸಭೆಯ ಮುಂದೆ ಬಂದಾಗ 118 ದೇಶಗಳು ಒಪ್ಪಿದವು, ವಿರುದ್ಧ ಬಿದ್ದ ಒಂದೇ ಮತ ಅಮೆರಿಕದ್ದು. ನಮ್ಮ ದೇಶ 1992ರಲ್ಲಿ ಕಾನೂನನ್ನೇ ಮಾಡಿ, ಶಿಶು ಹಾಲಿನ ಪುಡಿಯ ಮತ್ತು ಬಾಟಲಿಯ ಜಾಹೀರಾತು ನಿಲ್ಲಿಸಿತು. ಜಾಹೀರಾತು ನಿಂತರೆ ಆಸೆ ಹುಟ್ಟಿಸುವುದು ನಿಲ್ಲುತ್ತದೆ. ಹೊತ್ತು ಮಾತ್ರ ತಾನಾಗಿ ಹುಟ್ಟುವುದಿಲ್ಲ.

ಹೊತ್ತು ಯಾರಿಗೆ ಸಿಕ್ಕಿದೆ? ನನ್ನಂಥವರಿಗೆ ಸಿಕ್ಕಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12 ವಾರಗಳನ್ನು 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಮಾಡಿತು. ಪೂರ್ತಿ ಸಂಬಳ. ಧಾರವಾಡದಿಂದ ಅವ್ವ ಬಂದಳು, ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಿಗೆ ಸೊಪ್ಪು ಎಲ್ಲ ಆಯಿತು. ಕೆಲಸಕ್ಕೆ ಮರಳಿದ ಮೇಲೆ ಆಫೀಸಿನಲ್ಲಿ ಹಾಲು ಹಿಂಡಲು ಸಿಕ್ಕಿದ್ದು ದೀಪಾವಳಿ ಗಿಫ್ಟ್‌ಗಳ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತುಂಬಿದ ಸ್ಟೋರ್ ರೂಮ್, ಒಳಗಿನಿಂದ ಚಿಲಕವಿರಲಿಲ್ಲ. ಸಂಜೆ ಐಸ್ ಇಟ್ಟ ಚೀಲವನ್ನು ಎದೆಗವಚಿ ಲೇಡೀಸ್ ಡಬ್ಬಾ ಹತ್ತಿದರೆ ಒಳಗೇನಿದೆ ಎಂದು ಕೇಳದೆಯೇ ಹೆಂಗಸರು ಜರುಗಿ ಜಾಗ ಕೊಡುತ್ತಿದ್ದರು. ಕಷ್ಟವಿತ್ತು. ಆದರೂ ನನಗೆ ಕಾನೂನಿತ್ತು, ಸಂಬಳವಿತ್ತು, ಅವ್ವ ಇದ್ದಳು. ಅವ್ವನ ಆರು ತಿಂಗಳನ್ನು ಯಾರೂ ಯಾವ ಲೆಕ್ಕದಲ್ಲೂ ಬರೆಯಲಿಲ್ಲ, ಅದು ಬೇರೆ ಮಾತು.

ನಮ್ಮ ಕಟ್ಟಡದಲ್ಲೇ ಮೂರನೆಯ ಮಹಡಿಯಲ್ಲಿ ಒಂದು ಪಾಪುವನ್ನು ನೋಡಿಕೊಳ್ಳಲು ಯಾದಗಿರಿ ಕಡೆಯ ಒಬ್ಬ ಹುಡುಗಿ ಬರುತ್ತಾಳೆ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಸೈಟಿನ ತಗಡಿನ ಶೆಡ್ಡಿನಲ್ಲಿ ವಾಸ. ಲಿಫ್ಟಿಗೆ ಕಾಯುವಾಗ ಕನ್ನಡ ಕೇಳಿ ಖುಷಿಯಾಗಿ ಮಾತಿಗೆ ನಿಂತಳು. ನಿನಗೆ ಮಕ್ಕಳೇನು ಎಂದು ಕೇಳಿದೆ. ಏಳು ತಿಂಗಳ ಗಂಡು ಕೂಸು, ಊರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಾಳೆ. ಎಮ್ಮೆ ಹಾಲಿಗೆ ನೀರು ಬೆರೆಸಿ ಕುಡಿಸುತ್ತಾರಂತೆ. "ಈ ಪಾಪು ಅಳಾಕತ್ತಂದ್ರ ನನ್ನ ಎದಿ ತುಂಬಿ ಬರ್ತದ್ರೀ ಅಕ್ಕಾರ. ಬಚ್ಚಲದಾಗ ಹೋಗಿ ಹಿಂಡಿ ಚೆಲ್ಲಿ ಬರ್ತೀನ್ರೀ," ಅಂದಳು. ದೂರು ಹೇಳುವ ದನಿಯಿರಲಿಲ್ಲ. ನಲ್ಲಿ ಸೋರುತ್ತಿದೆ ಎಂದು ಹೇಳುವ ಹಾಗೆ ಹೇಳಿದಳು.

ದೇಹಕ್ಕೆ ಯಾರ ಕೂಸು ಎಂಬುದು ತಿಳಿಯುವುದಿಲ್ಲ. ಅಳು ಕೇಳಿದರೆ ಹಾಲು ಇಳಿಯುತ್ತದೆ. ಹಿಂದೆ ಇದೇ ಮುಂಬಯಿಯಲ್ಲಿ ಇಂಗ್ಲಿಷ್ ಮೇಮ್‌ಸಾಹೇಬರು ತಮ್ಮ ಕೂಸಿಗೆ ಹಾಲೂಡಿಸಲು ದಾಯಿಗಳನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದರು. ಎಷ್ಟೋ ಸಲ ಆ ದಾಯಿಯ ಸ್ವಂತ ಕೂಸು ಬೇರೆಯವರ ಕೈಸೇರುತ್ತಿತ್ತು. ಕರಿಯ ಹೆಂಗಸಿನ ಹಾಲಿನಿಂದ ಬಿಳಿಯ ಮಗುವಿನ ಗುಣ ಕೆಟ್ಟೀತೆಂಬ ಅಂಜಿಕೆಯೂ ಅವರಲ್ಲಿ ಕೆಲವರಿಗೆ ಇತ್ತು. ಅದನ್ನು ಓದಿ ನಾವು ನಗುತ್ತೇವೆ. ನಾವು ಯಾರ ಹಾಲನ್ನೂ ಕೊಳ್ಳುವುದಿಲ್ಲ. ನಾವು ಕೊಳ್ಳುವುದು ಹೊತ್ತನ್ನು, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಆ ಹೊತ್ತಿನೊಳಗೇ ಹಾಲು ಇದೆ ಎಂಬುದು ಬಚ್ಚಲಿಗೆ ಮಾತ್ರ ಗೊತ್ತು.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು, ಅವು ಸುಳ್ಳೂ ಅಲ್ಲ. ಅವಳಿಗೆ ಕೆಲಸ ಬೇಕಿತ್ತು, ಬಲವಂತ ಯಾರೂ ಮಾಡಲಿಲ್ಲ. ಕೆಲಸ ಕೊಡದಿದ್ದರೆ ಅವಳ ಕೂಸಿಗೆ ನೀರು ಬೆರೆಸಿದ ಹಾಲೂ ಸಿಗುತ್ತಿರಲಿಲ್ಲ. ಮೂರನೆಯ ಮಹಡಿಯ ದಂಪತಿ ಒಳ್ಳೆಯವರು, ಪಗಾರ ತಡಮಾಡುವುದಿಲ್ಲ, ಖಾಡಾ ಮಾಡಿದರೆ ಹಣ ಕಡಿಯುವುದಿಲ್ಲ. ಆ ಮನೆಯಾಕೆಯೂ 26 ವಾರ ಮುಗಿಸಿ ಕೆಲಸಕ್ಕೆ ಮರಳಿದವಳು; ಅವಳು ಮನೆಯಲ್ಲೇ ಕೂರಬೇಕಿತ್ತು ಎನ್ನುವವರು ಅವಳ ಗಂಡನಿಗೆ ಆ ಮಾತು ಹೇಳುವುದಿಲ್ಲ. ಹಾಗಾಗಿ ಇಲ್ಲಿ ಒಬ್ಬರನ್ನು ಹಿಡಿದು ತಪ್ಪಿತಸ್ಥರೆಂದು ನಿಲ್ಲಿಸಲು ಬರುವುದಿಲ್ಲ. ಆದರೆ ತಪ್ಪು ಮಾಡಿದವರು ಸಿಗಲಿಲ್ಲ ಎಂಬ ಮಾತ್ರಕ್ಕೆ ಹೊಣೆ ಯಾರದೂ ಅಲ್ಲ ಎಂದಾಗುವುದಿಲ್ಲ. ಎಲ್ಲರೂ ಒಪ್ಪಿ ಮಾಡಿಕೊಂಡ ವ್ಯವಹಾರದಲ್ಲಿ ಒಪ್ಪಿಗೆ ಕೇಳದ ಒಬ್ಬನಿದ್ದಾನೆ, ಅವನಿಗೆ ಏಳು ತಿಂಗಳು.

ಕಾನೂನು ಅವನ ತನಕ ಹೋಗುವುದೇ ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಸೈಟಿನಲ್ಲಿ ಮಕ್ಕಳ ಕೋಣೆ ಇರಬೇಕು ಎಂದಿತು. ಸಣ್ಣ ಗುತ್ತಿಗೆದಾರನ ಸೈಟಿನಲ್ಲಿ ಐವತ್ತು ಹೆಂಗಸರು ಎಲ್ಲಿಂದ ಬರಬೇಕು? ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ. ಒಂದು ಕಡೆ 26 ವಾರದ ಪೂರ್ತಿ ಸಂಬಳ, ಇನ್ನೊಂದು ಕಡೆ 5000 ರೂಪಾಯಿ. ಎರಡೂ ಒಂದೇ ದೇಶ ಕೊಟ್ಟದ್ದು, ಎರಡಕ್ಕೂ ಕೊಟ್ಟ ಕಾರಣ ತಾಯಿ ಮಗುವಿನ ಆರೋಗ್ಯವೇ. ಹೀಗೆ ಹೊತ್ತನ್ನು ಹಂಚಿ, ಹತ್ತು ವರ್ಷದ ಮೇಲೆ ಯಾವ ಗುಂಪಿನ ತಾಯಂದಿರು ಎಷ್ಟು ಹಾಲೂಡಿಸಿದರು ಎಂದು ಎಣಿಸಿ, ಅದಕ್ಕೆ ಸಂಸ್ಕೃತಿ ಎಂದು ಹೆಸರಿಡುತ್ತೇವೆ.

ಇದೇ ಊರಿನಲ್ಲಿ ಬೇರೆ ಥರದ ಲೆಕ್ಕವೂ ಒಂದಿದೆ. ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಎದೆಹಾಲಿನ ಬ್ಯಾಂಕ್ ಶುರುಮಾಡಿದರು. ಏಷ್ಯಾದಲ್ಲೇ ಮೊದಲನೆಯದು. ಧಾರಾವಿಯ ಮಗ್ಗುಲಿನ ಮುನಿಸಿಪಲ್ ಆಸ್ಪತ್ರೆ ಅದು. ಹಾಲು ಹೆಚ್ಚಾದ ತಾಯಂದಿರು ಹಿಂಡಿ ಕೊಡುತ್ತಾರೆ. ರಕ್ತಪರೀಕ್ಷೆ ಆಗುತ್ತದೆ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ದಿನ ತುಂಬದೆ ಹುಟ್ಟಿದ, ಅಂಗೈ ಅಗಲದ ಕೂಸುಗಳಿಗೆ ಅದು ಹೋಗುತ್ತದೆ. ಕೊಟ್ಟವಳಿಗೆ ಹಣವಿಲ್ಲ, ಪಡೆದವಳಿಗೆ ಬಿಲ್ಲಿಲ್ಲ. ಊರ ಬಾವಿಯಲ್ಲಿ ಯಾರು ನೀರು ಸೇದಬೇಕು ಎಂದು ಜಗಳವಾಡಿದ ದೇಶದಲ್ಲಿ, ಯಾವ ಜಾತಿ ಧರ್ಮದ ಎದೆಯದೆಂದು ತಿಳಿಯದ ಹಾಲನ್ನು ಕುಡಿದು ಮಕ್ಕಳು ಬದುಕಿ ಮನೆಗೆ ಹೋಗಿವೆ. ಹಾಲಿನಿಂದ ಕುಲ ಗುಣ ಇಳಿಯುತ್ತದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಈಚೆಗೆ ಬೆಂಗಳೂರಿನಲ್ಲಿ ಒಂದು ಕಂಪನಿ ಎದೆಹಾಲನ್ನು ಸಂಸ್ಕರಿಸಿ ಮಾರಲು ಹೊರಟಿತ್ತು. 2024ರ ಮೇ ತಿಂಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಎದೆಹಾಲಿನ ವ್ಯಾಪಾರಕ್ಕೆ ಅನುಮತಿ ಇಲ್ಲವೆಂದು ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿತು. ಸರಿಯಾದ ಮಾತು. ಹಾಲಿಗೆ ಬೆಲೆ ಕಟ್ಟಬಾರದು. ಆದರೆ ಹಾಲಿಗೆ ಬೇಕಾದ ಹೊತ್ತಿಗೆ ಬೆಲೆ ಇದ್ದೇ ಇದೆ, ಅದನ್ನು ಇವತ್ತು ತೆರುತ್ತಿರುವುದು ಯಾದಗಿರಿಯ ಒಂದು ಕೂಸು. ಆ ಬೆಲೆಯನ್ನು ಹಂಚಿಕೊಳ್ಳಬೇಕು, ಸರ್ಕಾರದ ಪಾಲು ಸರ್ಕಾರದ್ದು, ಮಾಲೀಕರ ಪಾಲು ಮಾಲೀಕರದ್ದು. ಮನೆಗೆಲಸದವರ ವಿಷಯದಲ್ಲಿ ಮಾಲೀಕರು ಎಂದರೆ ಸೊಸೈಟಿಗಳಲ್ಲಿ ಇರುವ ನಾವು, ಅಂದರೆ ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು. ಹೆರಿಗೆಯಾದ ಬಾಯಿಗೆ ಪಗಾರದ ರಜೆ ಕೊಡಲು ಯಾವ ಕಾನೂನಿಗೂ ಕಾಯಬೇಕಿಲ್ಲ. ನಾಲ್ಕು ಮನೆಗೆ ಹೋಗುವವಳಾದರೆ ನಾಲ್ಕು ಮನೆಯವರು ಹಂಚಿಕೊಂಡರೆ ತಲಾ ಒಂದು ಹೋಟೆಲ್ ಊಟದ ಖರ್ಚೂ ಆಗಲಿಕ್ಕಿಲ್ಲ. ಅವರ ಮಕ್ಕಳಿಗೆ ಒಂದು ಕೋಣೆ, ಒಂದು ಚಾಪೆ, ನೋಡಿಕೊಳ್ಳಲು ಒಬ್ಬರು ಇದ್ದರೆ ಕೂಸು ಊರಿನಲ್ಲಿ ಉಳಿಯಬೇಕಿಲ್ಲ.

ನಮ್ಮ ಸೊಸೈಟಿಯಲ್ಲಿ ಕ್ಲಬ್‌ಹೌಸಿನ ಪಕ್ಕ ಒಂದು ಕೋಣೆಯಿದೆ. ಮುರಿದ ಟೇಬಲ್ ಟೆನ್ನಿಸ್ ಮೇಜು, ಗಣೇಶೋತ್ಸವದ ಸೀರಿಯಲ್ ಲೈಟುಗಳು, ಮತ್ತೇನೂ ಇಲ್ಲ. ಮುಂದಿನ ತಿಂಗಳ ಸಭೆಯ ವಿಷಯಪಟ್ಟಿಗೆ ಅದನ್ನು ಸೇರಿಸಬೇಕೆಂದು ಕಾರ್ಯದರ್ಶಿಗೆ ಬರೆದುಕೊಟ್ಟಿದ್ದೇನೆ. ಪಾರ್ಕಿಂಗ್ ವಿಷಯ ಮುಗಿದ ಮೇಲೆ ಸಮಯವಿದ್ದರೆ ತೆಗೆದುಕೊಳ್ಳೋಣ ಅಂದಿದ್ದಾರೆ.